ಒಂದು ರೂಪಾಯಿ ಸರ್ಕಾರದ್ದು, ಬೀಗದ ಕೈಯೂ ಸರ್ಕಾರದ್ದು: ವಿಟಿಯು ತೆರಿಗೆ ಪ್ರಕರಣ

ವಿಟಿಯು ಸುತ್ತೋಲೆ ಯಾವುದಾದರೂ ಒಂದನ್ನು ತೆಗೆದು ನೋಡಿ. ಮೇಲೆ ದೊಡ್ಡದಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂಬ ಹೆಸರಿರುತ್ತದೆ. ಅದರ ಜೊತೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. ಇದು ಕರ್ನಾಟಕ ಸರ್ಕಾರದ ರಾಜ್ಯ ವಿಶ್ವವಿದ್ಯಾಲಯ, 1994ರ ಕಾಯ್ದೆಯಡಿ ಸ್ಥಾಪನೆಯಾದದ್ದು ಎಂದು. ಆ ಸಾಲನ್ನು ನಾನು ವರ್ಷಗಟ್ಟಲೆ ಓದದೇ ದಾಟಿದ್ದೇನೆ. ನೀವೂ ಅಷ್ಟೇ, ಅಲ್ವಾ? ಸುಪ್ರೀಂ ಕೋರ್ಟಿನ ಒಂದು ತೀರ್ಪು ಓದಿದ ಮೇಲೆ ಮಾತ್ರ ಅದರಲ್ಲಿನ 'ಸರ್ಕಾರದ' ಎಂಬ ಪದದ ಮೇಲೆ ಕಣ್ಣು ನಿಂತಿತು. ಸರ್ಕಾರದ ಎಂದರೆ ಸರ್ಕಾರ ಸಾಕುವುದು ಎಂದೋ, ಸರ್ಕಾರ ಹೇಳಿದಂತೆ ಕೇಳುವುದು ಎಂದೋ?

ಆ ತೀರ್ಪು ಬಂದದ್ದು 2016ರ ಏಪ್ರಿಲ್ 22ರಂದು. ಒಂದು ಕಡೆ ವಿಟಿಯು, ಇನ್ನೊಂದು ಕಡೆ ಆದಾಯ ತೆರಿಗೆ ಇಲಾಖೆ. ನ್ಯಾಯಮೂರ್ತಿಗಳಾದ ರಂಜನ್ ಗೊಗೊಯ್ ಮತ್ತು ಪ್ರಫುಲ್ಲ ಸಿ. ಪಂತ್ ಅವರ ಪೀಠ. ಮೇಲ್ನೋಟಕ್ಕೆ ಇದು ತೆರಿಗೆ ವಕೀಲರು ಮಾತ್ರ ಓದುವಂಥದ್ದು. ಆದರೆ ವಿಶ್ವವಿದ್ಯಾಲಯಗಳ ಮೇಲೆ ಸರ್ಕಾರದ ಹಿಡಿತ ಎಂಥದ್ದು ಅನ್ನುವುದನ್ನು ಇಷ್ಟು ಚೊಕ್ಕವಾಗಿ, ರೂಪಾಯಿ ಲೆಕ್ಕದಲ್ಲಿ ತೋರಿಸಿದ ಇನ್ನೊಂದು ಕಾಗದ ನನಗೆ ಸಿಕ್ಕಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಿನ್ನೆಲೆ

ವಿಟಿಯು ಶುರುವಾದದ್ದು 1998ರಲ್ಲಿ. ಅದಕ್ಕಿಂತ ಮುಂಚೆ ಎಂಜಿನಿಯರಿಂಗ್ ಕಾಲೇಜುಗಳು ಆಯಾ ಭಾಗದ ಸಾಮಾನ್ಯ ವಿಶ್ವವಿದ್ಯಾಲಯದ ಕೆಳಗೆ ಇದ್ದವು. ನಮ್ಮ ಕಡೆಯವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದ ಇದೆ. ಅಲ್ಲಿ ಓದಿದ ಹಳಬರ ಪದವಿ ಪತ್ರದಲ್ಲಿ ಧಾರವಾಡದ ಮುದ್ರೆಯೇ ಇರುತ್ತದೆ. 1998ರ ನಂತರ ಬೀದರಿನಿಂದ ಚಾಮರಾಜನಗರದವರೆಗೆ ಬಹುತೇಕ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಿಗೂ ಒಂದೇ ಮನೆ. ಆ ಮನೆ ಬೆಳಗಾವಿಯ ಹತ್ತಿರ, ಖಾನಾಪುರ ರಸ್ತೆಯ ಮಚ್ಛೆಯಲ್ಲಿ, ಜ್ಞಾನ ಸಂಗಮ ಎಂಬ ಹೆಸರಿನಲ್ಲಿ. ರಾಜಧಾನಿಯಿಂದ ದೂರ, ಗಡಿ ಜಿಲ್ಲೆಯಲ್ಲಿ ಇಡೀ ರಾಜ್ಯದ ಒಂದು ವಿಶ್ವವಿದ್ಯಾಲಯ. ಬೆಳಗಾವಿಯವರಿಗೆ ಇದರ ಬಗ್ಗೆ ಒಂದು ಸಣ್ಣ ಹೆಮ್ಮೆ ಇದೆ, ನನಗೂ ಇದೆ.

ಸಮಯವೂ ಚೆನ್ನಾಗಿತ್ತು. ಸಾಫ್ಟ್‌ವೇರ್ ಕೆಲಸಗಳು ಬರುತ್ತಿದ್ದ ಕಾಲ. ಊರೂರಿಗೂ ಎಂಜಿನಿಯರಿಂಗ್ ಕಾಲೇಜು ಎದ್ದವು. ಪ್ರತಿ ಕಾಲೇಜು ಸಂಯೋಜನೆ ಶುಲ್ಕ ಕಟ್ಟಬೇಕು. ಪ್ರತಿ ವಿದ್ಯಾರ್ಥಿ ಪರೀಕ್ಷೆ ಶುಲ್ಕ ಕಟ್ಟಬೇಕು. ಬ್ಯಾಕ್, ಅಂದರೆ ಫೇಲಾದ ವಿಷಯ, ಉಳಿದರೆ ಮತ್ತೆ ಕಟ್ಟಬೇಕು. ಒಬ್ಬೊಬ್ಬರದು ಸಣ್ಣ ಮೊತ್ತ. ಆದರೆ ಇಡೀ ರಾಜ್ಯದ ಎಂಜಿನಿಯರಿಂಗ್ ಮಕ್ಕಳು ವರ್ಷಕ್ಕೆ ಎರಡು ಸಲ ಕಟ್ಟಿದರೆ ಎಷ್ಟಾಗಬಹುದು? ಉತ್ತರ ಕೋರ್ಟಿನ ತೀರ್ಪಿನಲ್ಲೇ ಇದೆ. 1999ರಿಂದ 2010ರವರೆಗಿನ ಅವಧಿಯಲ್ಲಿ ಖರ್ಚು ಕಳೆದು ಉಳಿದ ಹಣವೇ ಸುಮಾರು 500 ಕೋಟಿ ರೂಪಾಯಿ.

ತೆರಿಗೆ ಇಲಾಖೆಯ ಕಣ್ಣು ಬಿದ್ದದ್ದು ಅಲ್ಲಿಗೆ. 2004–05ರಿಂದ 2009–10ರವರೆಗಿನ ತೆರಿಗೆ ವರ್ಷಗಳಿಗೆ ನೋಟಿಸು ಬಂತು. ನಾವು ಸರ್ಕಾರಿ ವಿಶ್ವವಿದ್ಯಾಲಯ, ನಮಗೆ ತೆರಿಗೆ ಇಲ್ಲ ಅಂತ ವಿಟಿಯು ಹೇಳಿತು. ಇಲಾಖೆ ಒಪ್ಪಲಿಲ್ಲ. ಹೈಕೋರ್ಟೂ ಒಪ್ಪಲಿಲ್ಲ. ಪ್ರಕರಣ ದೆಹಲಿಗೆ ಹೋಯಿತು.

ಮೇಜಿನ ಮೇಲಿನ ನಾಣ್ಯ

ತೀರ್ಪಿನ ಪ್ರತಿ ಹಿಡಿದುಕೊಂಡು ನಾನು ಹೋದದ್ದು ಟಿಳಕವಾಡಿಯಲ್ಲಿರುವ ನನ್ನ ಗೆಳೆಯನ ಆಫೀಸಿಗೆ. ಅವನು ಲೆಕ್ಕಪರಿಶೋಧಕ. ಹೊರಗೆ ಜುಲೈ ತಿಂಗಳ ಬೆಳಗಾವಿ ಮಳೆ, ಬಾಗಿಲ ಹತ್ತಿರ ನಾಲ್ಕು ಕೊಡೆ ನೀರು ಸುರಿಸುತ್ತ ನಿಂತಿದ್ದವು. ಅವನು ತೀರ್ಪನ್ನು ಪೂರ್ತಿ ಓದಲಿಲ್ಲ. ಮುಖ್ಯವಾದ ಕಲಂ ಎಲ್ಲಿದೆ ಅಂತ ನೋಡಿ, ಬೆರಳಿಟ್ಟು ನಕ್ಕ.

"ಇಲ್ಲಿ ಎರಡ ಪ್ರಶ್ನಿ ಅದಾವ ನೋಡು," ಅಂದ.

1961ರ ಆದಾಯ ತೆರಿಗೆ ಕಾಯ್ದೆಯ 10(23ಸಿ) ಕಲಂನಲ್ಲಿ ಐಐಐಎಬಿ ಅನ್ನೋ ಒಂದು ಉಪಖಂಡ ಇದೆ. ಅದರಡಿ ವಿನಾಯಿತಿ ಬೇಕಾದರೆ ವಿಶ್ವವಿದ್ಯಾಲಯ ಎರಡು ಪರೀಕ್ಷೆ ಪಾಸಾಗಬೇಕು. ಒಂದು, ಅದು ಇರುವುದು ಶಿಕ್ಷಣಕ್ಕಾಗಿ ಮಾತ್ರ, ಲಾಭಕ್ಕಲ್ಲ ಅಂತ ತೋರಿಸಬೇಕು. ಎರಡು, ಅದಕ್ಕೆ ಹಣ ಪೂರ್ತಿಯಾಗಿ ಅಥವಾ ಬಹುಪಾಲು ಸರ್ಕಾರದಿಂದಲೇ ಬರುತ್ತಿರಬೇಕು.

ಗೆಳೆಯ ಡ್ರಾಯರ್ ಎಳೆದು ನೂರು ರೂಪಾಯಿಯ ಒಂದು ನೋಟು ತೆಗೆದ. ಮೇಜಿನ ಮೇಲೆ ಹಾಸಿದ. ಅದರ ಮೂಲೆಯ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟ. "ಈ ನೋಟು ಪೂರಾ ವಿಟಿಯುದು ಅನ್ಕೋ. ಇದರಾಗ ಬೆಂಗಳೂರಿಂದ ಬಂದದ್ದು ಈ ನಾಣ್ಯ ಅಷ್ಟ."

ತೀರ್ಪಿನಲ್ಲಿ ಇರುವುದೂ ಅದೇ. ಆ ಅವಧಿಯಲ್ಲಿ ಸರ್ಕಾರದ ನೇರ ಅನುದಾನ ವಿಶ್ವವಿದ್ಯಾಲಯದ ಒಟ್ಟು ಆದಾಯದ ಶೇ 1ರ ಆಸುಪಾಸು. ಉಳಿದದ್ದೆಲ್ಲ ಶುಲ್ಕ. ಅಂದರೆ ಇಂಡಿಯಿಂದ, ಅಥಣಿಯಿಂದ, ಹುನಗುಂದದಿಂದ ಬಂದ ಹುಡುಗರ ಅಪ್ಪಂದಿರ ದುಡ್ಡು.

ಮೊದಲ ಪರೀಕ್ಷೆಯಲ್ಲಿ ವಿಟಿಯು ಪಾಸಾಯಿತು. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಉಳಿಕೆ ಹಣ ಜಾಸ್ತಿಯೇ ಇತ್ತು. ಖಾಸಗಿ ಕಾಲೇಜುಗಳ ಶುಲ್ಕದ ವಿಷಯದಲ್ಲಿ ಸುಪ್ರೀಂ ಕೋರ್ಟೇ ಹಿಂದೆ ಶೇ 6ರಿಂದ 15ರಷ್ಟು ಉಳಿಕೆ ಸರಿ ಎಂದಿತ್ತು, ಇದು ಅದನ್ನೂ ಮೀರಿದ್ದು ಎಂದು ಪೀಠ ಗುರುತಿಸಿತು. ಆದರೂ ಆ ಹಣ ಯಾರ ಜೇಬಿಗೂ ಹೋಗಿಲ್ಲ, ಮತ್ತೆ ಶಿಕ್ಷಣದ ಕೆಲಸಕ್ಕೇ ಹೋಗಿದೆ, ಹಾಗಾಗಿ ಇದು ಲಾಭದ ಸಂಸ್ಥೆ ಅಲ್ಲ ಎಂದಿತು. ವಿಟಿಯು ಬಗ್ಗೆ ಚಹಾದಂಗಡಿಯಲ್ಲಿ ಏನೇನೋ ಮಾತು ಕೇಳಿದವರು ಈ ಸಾಲನ್ನೂ ನೆನಪಿಟ್ಟುಕೊಳ್ಳಬೇಕು.

ಎರಡನೆಯ ಪರೀಕ್ಷೆಯಲ್ಲಿ ಫೇಲು.

ಹಿಡಿತವೇ ಹಣ ಎಂಬ ವಾದ

ಫೇಲಾದದ್ದಕ್ಕಿಂತ ಪಾಸಾಗಲು ವಿಶ್ವವಿದ್ಯಾಲಯ ಹೂಡಿದ ವಾದ ನನಗೆ ಜಾಸ್ತಿ ಕುತೂಹಲದ್ದು. ಅನುದಾನ ಕಡಿಮೆ ಇರಬಹುದು, ಆದರೆ ಶುಲ್ಕ ವಸೂಲಿ ಮಾಡುವ ಅಧಿಕಾರವನ್ನು ನಮಗೆ ಕೊಟ್ಟದ್ದು ರಾಜ್ಯದ ಶಾಸನ, ವಿಟಿಯು ಕಾಯ್ದೆಯ 23ನೇ ಕಲಂ. ಆ ಕಾಯ್ದೆಯ ಬಲದಿಂದ ಬಂದ ಶುಲ್ಕವನ್ನು ಸರ್ಕಾರವೇ ಕೊಟ್ಟ ಹಣ ಎಂದು ತಿಳಿಯಬೇಕು. ವಾದದ ಸಾರ ಇಷ್ಟು.

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅಪ್ಪ ಹೊಲ ಅಡ ಇಟ್ಟು ಕಟ್ಟಿದ ಫೀ ಕಾನೂನಿನ ಕಣ್ಣಿನಲ್ಲಿ ಸರ್ಕಾರದ ಕೊಡುಗೆ ಆಗಬೇಕು, ಯಾಕೆಂದರೆ ಕಟ್ಟಿಸಿಕೊಳ್ಳುವ ಕಾಯ್ದೆ ಸರ್ಕಾರ ಮಾಡಿದ್ದು!

ತೆರಿಗೆ ಉಳಿಸಲು ವಕೀಲರು ಹೇಳಬೇಕಾದ್ದನ್ನು ಹೇಳಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಕೋರ್ಟು ಒಪ್ಪಲಿಲ್ಲ. ಯಾವ ವಿಶ್ವವಿದ್ಯಾಲಯವೇ ಆಗಲಿ, ಶುಲ್ಕ ತೆಗೆದುಕೊಳ್ಳುವುದು ಯಾವುದಾದರೊಂದು ಕಾಯ್ದೆಯ ಬಲದಿಂದಲೇ. ಆ ಶುಲ್ಕವನ್ನೆಲ್ಲ ಸರ್ಕಾರದ ಹಣ ಎಂದರೆ ಎಲ್ಲವೂ ಸರ್ಕಾರಿ ಹಣದ ಸಂಸ್ಥೆಗಳೇ ಆಗಿಬಿಡುತ್ತವೆ. ಬೇರೆ ವಿಶ್ವವಿದ್ಯಾಲಯಗಳಿಗೆಂದು ಕಾಯ್ದೆಯಲ್ಲಿ ಪ್ರತ್ಯೇಕ ಉಪಖಂಡ ಇಟ್ಟದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ವಿಟಿಯು ಬೆಂಗಳೂರಿನ ಐಐಎಂ ಪ್ರಕರಣವನ್ನೂ ಆಧಾರವಾಗಿ ತೋರಿಸಿತ್ತು. ಅಲ್ಲಿ ಸರ್ಕಾರದ ಪಾಲು ಶೇ 37.85 ಇತ್ತು, ನಮ್ಮ ಹೈಕೋರ್ಟ್ ಅದನ್ನು ಸಾಕಷ್ಟು ಎಂದಿತ್ತು. ಇಲ್ಲಿ ಇದ್ದದ್ದು ಶೇ 1. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗಲಿಲ್ಲ. (ಈ ಗೊಂದಲ ಮುಗಿಸಲು ಕೇಂದ್ರ 2014ರಲ್ಲೇ ಒಂದು ನಿಯಮ ಮಾಡಿತ್ತು. ಸರ್ಕಾರದ ಅನುದಾನ ಒಟ್ಟು ಆದಾಯದ ಶೇ 50 ದಾಟಿದರೆ ಮಾತ್ರ 'ಬಹುಪಾಲು'.)

ತೀರ್ಪಿನ ನಂತರ ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆಗಳ ಮೇಲೆ ತೆರಿಗೆ ಇಲಾಖೆ ಕೈ ಇಟ್ಟಿತು. ಹಣ ಬಿಡಿ ಅಂತ ವಿದ್ಯಾರ್ಥಿಗಳು ಪ್ರತಿಭಟನೆ ಮಾಡಿದ್ದು ಪೇಪರಿನಲ್ಲಿ ಬಂತು. ಹುಡುಗರು ಕಟ್ಟಿದ್ದು ಪರೀಕ್ಷೆಗೆ ಅಂತ. ಅದೇ ಹಣಕ್ಕೆ ಬೆಳಗಾವಿ ಮತ್ತು ದೆಹಲಿ ಜಗ್ಗಾಡುತ್ತಿದ್ದವು.

ನಾನು ತಿಳಿದದ್ದು ತಲೆಕೆಳಗಾಯಿತು

ಒಂದು ಒಪ್ಪಿಗೆಯ ಮಾತು ಹೇಳಿಬಿಡುತ್ತೇನೆ. ರಾಜಕೀಯ ಹಸ್ತಕ್ಷೇಪದ ಬಗ್ಗೆ ನನ್ನದು ಸರಳ ತಿಳಿವಳಿಕೆ ಆಗಿತ್ತು. ಸರ್ಕಾರ ಹಣ ಕೊಡುತ್ತದೆ, ಅದಕ್ಕೇ ಮಾತು ನಡೆಸುತ್ತದೆ. ಅನ್ನ ಹಾಕಿದವನ ಮಾತು ಕೇಳಲೇಬೇಕಲ್ಲ. ಹಾಗಾದರೆ ಪರಿಹಾರವೂ ಸರಳ. ವಿಶ್ವವಿದ್ಯಾಲಯಗಳು ತಾವೇ ದುಡಿದುಕೊಳ್ಳಲಿ, ಆಗ ಸ್ವತಂತ್ರ ಆಗುತ್ತವೆ. ಸೆಮಿನಾರುಗಳಲ್ಲಿ ಈ ಮಾತು ಈಗಲೂ ದಿನಾ ಕೇಳಬಹುದು.

ವಿಟಿಯು ಆ ಲೆಕ್ಕದಲ್ಲಿ ರಾಜ್ಯದ ಅತಿ ಸ್ವತಂತ್ರ ವಿಶ್ವವಿದ್ಯಾಲಯ ಆಗಬೇಕಿತ್ತು. ನೂರಕ್ಕೆ ತೊಂಬತ್ತೊಂಬತ್ತು ತನ್ನದೇ ದುಡಿಮೆ.

ನಡೆಯುವುದು ಹೇಗೆ ನೋಡಿ. ಕುಲಾಧಿಪತಿ ರಾಜ್ಯಪಾಲರು. ಸಮಕುಲಾಧಿಪತಿ ಉನ್ನತ ಶಿಕ್ಷಣ ಸಚಿವರು. ಕುಲಪತಿ ಹುಡುಕುವ ಸಮಿತಿಯಲ್ಲಿ ಸರ್ಕಾರದ ಮನುಷ್ಯ ಇರುತ್ತಾರೆ. ಕಾರ್ಯಕಾರಿ ಪರಿಷತ್ತಿನಲ್ಲಿ ಇಲಾಖೆಯ ಅಧಿಕಾರಿಗಳು, ಸರ್ಕಾರ ನೇಮಿಸಿದ ಸದಸ್ಯರು. ಹೊಸ ಹುದ್ದೆ ಬೇಕೆಂದರೆ ಫೈಲು ಬೆಂಗಳೂರಿಗೆ ಹೋಗಬೇಕು. ಹಣ ಬಾರದ ದಾರಿಯಲ್ಲೂ ಅಧಿಕಾರ ಸಲೀಸಾಗಿ ಬರುತ್ತದೆ, ಯಾಕೆಂದರೆ ಅದು ಅನುದಾನದ ಬೆನ್ನು ಹತ್ತಿ ಬಂದದ್ದಲ್ಲ. ಕಾಯ್ದೆಯಲ್ಲಿ ಬರೆದು ಕೂರಿಸಿದ್ದು.

ಗೆಳೆಯ ಇದನ್ನು ತನ್ನ ಭಾಷೆಯಲ್ಲಿ ಹೇಳಿದ: "ಬಾಡಿಗಿ ನಾವ ಕಟ್ಟೋದು. ಲೈಟ್ ಬಿಲ್ಲೂ ನಮ್ದ. ಆದ್ರ ಕೀಲಿ ಮಾತ್ರ ಮಾಲಕನ ಕಿಸೆದಾಗ. ಮತ್ತ ಆ ಮಾಲಕ ಮನಿ ಕಟ್ಟಿಸಿದಾವ ಅಲ್ಲ, ಪೇಪರ್ ಮ್ಯಾಲ ಹೆಸರ ಬರಕೊಂಡಾವ." ಕಟ್ಟಡದ ಜಾಗ ಸರ್ಕಾರದ್ದಲ್ಲವೇ ಎಂದು ನಾನು ತಕರಾರು ತೆಗೆದೆ. ಇರಲಿ ಬಿಡು, ಉಪಮೆ ಅಂದಮೇಲೆ ಎಲ್ಲೋ ಒಂದು ಕಡೆ ಸೋರುತ್ತೆ ಅಂದ.

ತುಂಬಿದ ಕೊಡದ ಮೇಲೆ ಎಲ್ಲರಿಗೂ ಕಣ್ಣು, ಇದೂ ಇದರ ಜೊತೆ ಬರುತ್ತದೆ. ದಾವಣಗೆರೆಯ ಯುಬಿಡಿಟಿ ಕಾಲೇಜು 1951ರಷ್ಟು ಹಳೆಯದು. ಅದನ್ನು ವಿಟಿಯುವಿನ ಘಟಕ ಕಾಲೇಜು ಮಾಡಲಾಯಿತು. ಸಾಕುವ ಜವಾಬ್ದಾರಿ ದಾಟಿಸಿದ ಹಾಗೆ. 2024ರಲ್ಲಿ ಅಲ್ಲಿನ ಅರ್ಧದಷ್ಟು ಸೀಟು ಪೇಮೆಂಟ್ ಕೋಟಾಕ್ಕೆ ಹೋದದ್ದಕ್ಕೆ ವಿದ್ಯಾರ್ಥಿಗಳು ಬೀದಿಗಿಳಿದರು. ಅನುದಾನ ಇಲ್ಲದ ಕಡೆ ಹಣ ಕೊನೆಗೆ ಎಲ್ಲಿಂದ ಬರಬೇಕೋ ಅಲ್ಲಿಂದಲೇ ಬರುತ್ತದೆ.

ಸಂಶೋಧನೆ ಎಲ್ಲಿ ಕೂರುತ್ತದೆ

ಪರೀಕ್ಷೆ ಶುಲ್ಕದಿಂದ ಬದುಕುವ ವಿಶ್ವವಿದ್ಯಾಲಯಕ್ಕೆ ಪರೀಕ್ಷೆಯೇ ಮುಖ್ಯ ಕಸುಬು ಆಗುತ್ತದೆ. ವೇಳಾಪಟ್ಟಿ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಫಲಿತಾಂಶ. ಫಲಿತಾಂಶ ಒಂದು ವಾರ ತಡವಾದರೆ ಲಕ್ಷಾಂತರ ಮನೆಗಳಲ್ಲಿ ಗದ್ದಲ, ಶಾಸಕರ ಫೋನು. ಒಂದು ಪ್ರಯೋಗಾಲಯ ಐದು ವರ್ಷ ತಡವಾದರೆ ಯಾರೂ ಫೋನು ಮಾಡುವುದಿಲ್ಲ. ಸಂಶೋಧನೆಗೆ ಹಣ ಸಿಗದಿರಲು ಯಾರೋ ಮಂತ್ರಿ ಬೇಡ ಅನ್ನಬೇಕಾಗಿಲ್ಲ. ಯಾರೂ ಕೇಳದಿದ್ದರೆ ಸಾಕು.

ಸುಮ್ನೆ ಒಂದು ಲೆಕ್ಕ ಹಾಕೋಣ. ಹತ್ತು ಹನ್ನೊಂದು ವರ್ಷದಲ್ಲಿ ಉಳಿದದ್ದು 500 ಕೋಟಿ, ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 50 ಕೋಟಿ. ಅದರಲ್ಲಿ ಹತ್ತರಲ್ಲಿ ಒಂದು ಪಾಲು, 5 ಕೋಟಿ, ಪಿಎಚ್‌ಡಿ ಮಾಡುವವರಿಗೆ ಎಂದು ತೆಗೆದಿಟ್ಟಿದ್ದರೆ? ಸಂಶೋಧಕರಿಗೆ ಕೇಂದ್ರ ಕೊಡುವ ಫೆಲೋಶಿಪ್ ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ, ವರ್ಷಕ್ಕೆ 4.44 ಲಕ್ಷ. ಇವತ್ತಿನ ಈ ದರದಲ್ಲೇ 112 ಜನರಿಗೆ ವರ್ಷಪೂರ್ತಿ ಕೊಡಬಹುದಿತ್ತು. ಮನೆ ಬಾಡಿಗೆ ಭತ್ಯೆ ಇದರಲ್ಲಿ ಸೇರಿಲ್ಲ. ಬಾಗಲಕೋಟೆಯ ಕಾಲೇಜೊಂದರಲ್ಲಿ ವಾರಕ್ಕೆ ಹದಿನೆಂಟು ತಾಸು ಪಾಠ ಮಾಡಿ, ರಾತ್ರಿ ಹನ್ನೊಂದರ ಮೇಲೆ ಪಿಎಚ್‌ಡಿ ಅಧ್ಯಾಯ ಬರೆಯುವ ಒಬ್ಬ ಉಪನ್ಯಾಸಕ ನನಗೆ ಗೊತ್ತು. ವಿಷಯ ಮಲಪ್ರಭೆಯ ದಂಡೆಯ ಮಣ್ಣು. ಮಾದರಿ ತರಲು ತನ್ನದೇ ಬೈಕು, ತನ್ನದೇ ಪೆಟ್ರೋಲು. ಡಿಕ್ಕಿಯಲ್ಲಿ ಮಣ್ಣಿನ ಪೊಟ್ಟಣ, ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ತಾರೀಖು. ಮಳೆಗಾಲದಲ್ಲಿ ಅಕ್ಷರ ಅಳಿಸಿಹೋಗುತ್ತವೆ ಅಂತ ಈಚೆಗೆ ಮೇಲೆ ಸೆಲೋ ಟೇಪು ಅಂಟಿಸುತ್ತಾನೆ.

ಅವನಂಥವರಿಗೆ ಉಳಿದ ದಾರಿ ದೆಹಲಿ. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಮಾಡಿತು. ಐದು ವರ್ಷಕ್ಕೆ 50,000 ಕೋಟಿ ಎಂದು ಘೋಷಣೆ. ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರದ ಹೊರಗಿನ ಮೂಲಗಳಿಂದ ಬರಬೇಕು ಎಂಬ ಲೆಕ್ಕಾಚಾರ. ಆಡಳಿತ ಮಂಡಳಿಯ ಅಧ್ಯಕ್ಷರು ಪ್ರಧಾನಿ. ನನಗೆ ಇಲ್ಲೂ ವಿಟಿಯು ಮುಖವೇ ಕಾಣುತ್ತದೆ. ಹಣದ ಬಹುಪಾಲು ಬೇರೆಯವರದು, ಕುರ್ಚಿ ಸರ್ಕಾರದ್ದು. ಇದನ್ನು ಹೇಳಿದಾಗ ಗೆಳೆಯ, ಎಲ್ಲದರಲ್ಲೂ ಅದೇ ನಾಣ್ಯ ನೋಡಬೇಡ, ಪ್ರತಿಷ್ಠಾನಕ್ಕೆ ಇನ್ನೂ ಸ್ವಲ್ಪ ವರ್ಷ ಕೊಡು ಅಂದ. ಇರಬಹುದು.

ಅಕ್ಕಪಕ್ಕದ ಎರಡು ಮಾತು

ಸ್ವಂತ ದುಡಿಮೆ ಇಲ್ಲದವರ ಗತಿ ಏನು ಅಂತ ನೋಡಲು ದೂರ ಹೋಗಬೇಕಿಲ್ಲ. ಜಮಖಂಡಿಗೆ ಹೋದರೆ ಸಾಕು. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ, 2022–23ರ ಬಜೆಟ್ಟಿನಲ್ಲಿ, ಏಳು ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿದರು. ಅದರಲ್ಲಿ ಬಾಗಲಕೋಟೆ ಒಂದು. ಅಲ್ಲಿವರೆಗೆ ಆ ಜಿಲ್ಲೆಯ ಕಾಲೇಜುಗಳು 2010ರಲ್ಲಿ ಹುಟ್ಟಿದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಜಮಖಂಡಿಯಲ್ಲಿ ಇದ್ದ ಸ್ನಾತಕೋತ್ತರ ಕೇಂದ್ರವೇ ಹೊಸ ವಿಶ್ವವಿದ್ಯಾಲಯ ಆಯಿತು. ಆರಂಭಕ್ಕೆ ತಲಾ 2 ಕೋಟಿ ರೂಪಾಯಿ. ಎರಡು ಕೋಟಿಗೆ ಈಗ ಒಂದು ಒಳ್ಳೆ ಕಲ್ಯಾಣ ಮಂಟಪವೂ ಏಳುವುದಿಲ್ಲ. ಸರ್ಕಾರ ಬದಲಾಯಿತು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಈ ಏಳೂ ಸೇರಿ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಬಿಟ್ಟು ಒಂಬತ್ತನ್ನು ಮುಚ್ಚಬಹುದು ಎಂದಿತು. ಕಾರಣ: ಹಣ ಇಲ್ಲ. ಕೊಡದೇ ಹುಟ್ಟಿಸಿದವರು ಒಬ್ಬರು, ಹಣ ಇಲ್ಲವೆಂದು ಮುಚ್ಚಲು ಹೊರಟವರು ಇನ್ನೊಬ್ಬರು.

ಹಾಗಂತ ರಾಜಕಾರಣಿಗಳಿಗೆ ವಿಶ್ವವಿದ್ಯಾಲಯದ ಬಗ್ಗೆ ಆಸಕ್ತಿ ಇಲ್ಲ ಎನ್ನುವಂತಿಲ್ಲ. ತುಂಬ ಇದೆ. 2024ರ ಡಿಸೆಂಬರಿನಲ್ಲಿ ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ಒಂದು ಮಸೂದೆ ಬಂತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಆಗಬೇಕು ಎಂದು. ತಿಂಗಳು ತುಂಬುವ ಮುಂಚೆ, 2025ರ ಜನವರಿಯಲ್ಲಿ, ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗ, ಯುಜಿಸಿ, ತನ್ನ ಕರಡು ನಿಯಮ ಬಿಟ್ಟಿತು. ಅದರಲ್ಲಿ ಕುಲಪತಿ ಶೋಧನಾ ಸಮಿತಿಯಿಂದ ರಾಜ್ಯ ಸರ್ಕಾರದ ಪ್ರತಿನಿಧಿಯೇ ಮಾಯ. ಫೆಬ್ರುವರಿ 5ರಂದು ಹಲವು ರಾಜ್ಯಗಳ ಸಚಿವರು ಬೆಂಗಳೂರಿನಲ್ಲಿ ಸೇರಿ ಅದನ್ನು ವಿರೋಧಿಸಿದರು. ವಿರೋಧ ಸರಿಯೇ, ರಾಜ್ಯದ ಹಕ್ಕಿನ ಪ್ರಶ್ನೆ ಅದು. ಆದರೆ ಎರಡೂ ಕಡೆಯವರು ಎಳೆದಾಡಿದ್ದು ಒಂದೇ ಕುರ್ಚಿಯನ್ನು. ಕುಲಪತಿ ನಮ್ಮವರಾಗಲಿ ಎಂದು ಕಾದಾಡಿದ ಹಾಗೆ, ಶೇ 1ರ ಅನುದಾನವನ್ನು ಶೇ 20 ಮಾಡುತ್ತೇವೆ ಎಂದು ಯಾರಾದರೂ ಕಾದಾಡಿದ್ದು ನಾನು ಕೇಳಿಲ್ಲ.

ಆ ಮಳೆಯ ಸಂಜೆ ತೀರ್ಪಿನ ಹಾಳೆ ಮಡಚಿ ಏಳುವಾಗ ಗೆಳೆಯನ ಫೋನು ಬಡಿದುಕೊಂಡಿತು. ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುವ ಮಗಳು. ಪರೀಕ್ಷೆ ಫೀ ತುಂಬಲು ನಾಳೆ ಕಡೆಯ ದಿನವಂತೆ, ಆಮೇಲೆ ದಂಡ. ಕನ್ನಡಕ ಹಣೆಗೆ ಏರಿಸಿ, ಫೋನಿನಲ್ಲೇ ಹಣ ಕಳಿಸಿದ. ನೂರರ ನೋಟು ಪಾಕೀಟಿಗೆ ಹೋಯಿತು. ನಾಣ್ಯ ಮೇಜಿನ ಮೇಲೇ ಇತ್ತು, ಚಹಾ ತಂದ ಹುಡುಗ ಖಾಲಿ ಲೋಟದ ಜೊತೆ ಅದನ್ನೂ ಎತ್ತಿಕೊಂಡು ಹೋದ.